ಒಂಬತ್ತನೇ ಕೋಣೆಯಿಂದ ಬಂದ ಫೋನು

ನಮ್ಮಕ್ಕ ಹೂವು ಕೆಡದಂತೆ ಇಡುವ ಶೀತಲ ಗೋದಾಮಿನಲ್ಲಿ ಹದಿನೆಂಟು ವರ್ಷ ನೆಲ ಒರೆಸಿದವಳು. ಮೇಲ್ವಿಚಾರಕಿಯಾಗಬೇಕಾದರೆ ಇಂಗ್ಲಿಷ್ ಬರಬೇಕು ಎಂದರಂತೆ. ನಾನು ಶಾಲೆಯಲ್ಲಿ ಇಂಗ್ಲಿಷ್ ಮೇಡಂ. ಮನೆಯಲ್ಲೇ ಗುರು ಸಿಕ್ಕಿದ್ದು ಅವಳ ಪುಣ್ಯ ಎಂದುಕೊಂಡೆ. ನನಗಂತೂ ತಲೆಗೆ ಎರಡು ಕೋಡು ಮೂಡಿದ್ದವು.

ನನ್ನ ಪಾಠಕ್ಕೆ ಒಂದೇ ಕಟ್ಟಳೆ: ಸಪ್ಪೆ ವಾಕ್ಯಕ್ಕೆ ಸೊನ್ನೆ. ‘ಐ ಆಮ್ ಇನ್‌ಸೈಡ್’ ಎಂದು ಬರೆದರೆ ಕೆಂಪು ಗೀಟು. ಸುತ್ತ ಏನು ಆವರಿಸಿದೆ ಎಂದು ಬಣ್ಣಿಸಬೇಕು. ‘ಸರೌಂಡೆಡ್ ಬೈ’ ಎನ್ನಬೇಕು, ಮೌನ ಹೊದ್ದಿದ್ದೇನೆ ಎನ್ನಲು ‘ರ‍್ಯಾಪ್ಡ್ ಇನ್ ಸೈಲೆನ್ಸ್’ ಎನ್ನಬೇಕು. ಅಕ್ಕ ಪಾತ್ರೆ ತೊಳೆಯುತ್ತಾ ಗಿಣಿಪಾಠ ಒಪ್ಪಿಸುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಒಂಬತ್ತನೇ ಕೋಣೆಯ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಬಾಗಿಲು ಮುಚ್ಚದಂತೆ ಅಡ್ಡ ಕೊಡುವ ಮರದ ತುಂಡು ಕೊಳೆಯಾಗಿದೆಯೆಂದು ತೊಳೆಯಲು ಅವಳೇ ತೆಗೆದಿದ್ದಳು. ಒಳಗಿನ ಹಿಡಿ ಕೆಟ್ಟು ತಿಂಗಳಾಗಿತ್ತು. ಸೂರಿನವರೆಗೂ ಗುಲಾಬಿ ಹೂವಿನ ಪೆಟ್ಟಿಗೆಗಳು, ಎರಡು ಡಿಗ್ರಿ ಚಳಿ, ಮೈಮೇಲೆ ಒದ್ದೆ ಬಟ್ಟೆ. ಗೋಡೆಯ ಫೋನು ಬೇರೆ ಊರಿನ ಕಂಟ್ರೋಲ್ ರೂಮಿಗೆ ಹೋಗುತ್ತಿತ್ತು. ಅಲ್ಲಿದ್ದವನಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬಾರದು.

“ಐ ಆಮ್ ಸರೌಂಡೆಡ್ ಬೈ ರೋಸಸ್,” ಎಂದಳು ಅಕ್ಕ, ಒಂದಕ್ಷರ ತಪ್ಪದೆ.

ಅವನು ನಕ್ಕು ಫೋನಿಟ್ಟ.

ವಾಕ್ಯ ಸಪ್ಪೆಯಾಯಿತೇನೋ ಎಂದು ಅವಳು ಪೆಟ್ಟಿಗೆಗೆ ಒರಗಿ ಇನ್ನೊಂದನ್ನು ಜೋಡಿಸುತ್ತಾ ನಿಂತಳಂತೆ. ಎಷ್ಟು ಹೊತ್ತೋ, ಅವಳಿಗೇ ಗೊತ್ತಿಲ್ಲ. “ಐ ಆಮ್ ರ‍್ಯಾಪ್ಡ್ ಇನ್ ಸೈಲೆನ್ಸ್.” ಈ ಸಲ ಅವನು ಬೈದ. ಅಷ್ಟರಲ್ಲಿ ಬೆರಳು ಮರಗಟ್ಟಿದ್ದವು. ಮೂರನೇ ಸಲ ಮೊಣಕೈಯಿಂದ ಗುಂಡಿ ಒತ್ತಿದಳು. ಸೊನ್ನೆ ಬಿದ್ದರೆ ಬೀಳಲಿ ಎಂದು ಒದರಿಬಿಟ್ಟಳು: “ಇನ್‌ಸೈಡ್! ರೂಮ್ ನೈನ್! ಓಪನ್!”

ಸುದ್ದಿ ತಿಳಿದು ನಾನು ಎದ್ದುಬಿದ್ದು ಓಡಿದೆ. ಗೇಟಿನ ಪಕ್ಕದ ಕೋಣೆಯಲ್ಲಿ ಅಕ್ಕನಿಗೆ ಕಂಬಳಿ ಹೊದಿಸಿ ಕೂರಿಸಿದ್ದರು. ತುಟಿ ನೀಲಿಯಾಗಿತ್ತು. ನಡುಗುತ್ತಲೇ ಮೂರು ಫೋನಿನ ಕಥೆಯನ್ನೂ ಹೇಳಿದಳು.

“ಇನ್ನು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತಮ್ಮ,” ಎಂದ, ಕಂಟ್ರೋಲ್ ರೂಮಿನಿಂದ ಫೋನು ಬಂದಮೇಲೆ ಬಾಗಿಲು ತೆರೆದಿದ್ದ ಕಾವಲುಗಾರ.

ನನ್ನ ಭಯವೆಲ್ಲ ಸಿಟ್ಟಾಗಿ ಹೊರಬಂತು. “ಆ ಕೊನೇದನ್ನ ಮೊದಲೇ ಹೇಳೋಕೆ ಏನಾಗಿತ್ತಕ್ಕ ನಿಂಗೆ? ಮೂರು ಮಾತು!”

“ಕೆಂಪು ಗೀಟು ಹಾಕ್ತಿದ್ದೋಳು ನೀನೇ ಅಲ್ವೇನೆ?” ಹಲ್ಲು ಕಟಕಟ ಅನ್ನುತ್ತಿದ್ದರೂ ಅಕ್ಕ ನಕ್ಕಳು. “ಹೆದರಿಬಿಟ್ಟೆ ಕಣೆ.”

“ಚಳಿಗಾ?”

“ಅಲ್ಲ. ನಿಂಗೆ.”

ಅವಳ ಬೆರಳುಗಳನ್ನು ನನ್ನ ಅಂಗೈಯಲ್ಲಿಟ್ಟುಕೊಂಡು ಉಜ್ಜತೊಡಗಿದೆ. ಕಾವಲುಗಾರನ ಎದುರಿಗೇ ಅಳು ಬಂತು, ತಡೆಯಲಿಲ್ಲ.