ಖಾಸಿಂಸಾಬರು ಜೋಡಿಸಿದ ಎರಡನೇ ಸಾಲು

ಇಂಥ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವಳು ನಾನು. ಸತ್ತ ಅಜ್ಜ ಬಾಗಿಲು ಬಡಿದನಂತೆ, ಗೋಡೆಯ ಫೋಟೋ ತಾನಾಗಿಯೇ ಬಿತ್ತಂತೆ ಎಂದು ಹಾಸ್ಟೆಲಿನಲ್ಲಿ ಗೆಳತಿಯರು ಹೇಳುವಾಗ ಮೊದಲು ನಗುತ್ತಿದ್ದವಳೂ ನಾನೇ. ಈಗ ನಗುವುದಿಲ್ಲ. ಹಾಗಂತ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದು.

ಆರು ವರ್ಷಗಳ ಹಿಂದಿನ ಮಾತು. ನಾನು ಕಲಬುರಗಿಯಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದೆ. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪುಸ್ತಕವನ್ನು ತಾವೇ ರೂಪಿಸಿ ಒಪ್ಪಿಸಬೇಕಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಹಿಂದೆ ಅಚ್ಚಾಗುತ್ತಿದ್ದ ಮದುವೆ ಪತ್ರಿಕೆ, ನಾಟಕದ ಹ್ಯಾಂಡ್‌ಬಿಲ್, ಅಂಗಡಿ ಚೀಟಿಗಳ ಅಕ್ಷರಗಳನ್ನು ನಾನು ವಿಷಯವಾಗಿ ಆರಿಸಿಕೊಂಡಿದ್ದೆ.

ನಮ್ಮ ಮನೆ ಇದ್ದದ್ದು ಲಿಂಗಸುಗೂರಿನ ಹತ್ತಿರದ ಹಟ್ಟಿಯಲ್ಲಿ. ಅಪ್ಪನದು ಅಲ್ಲಿನ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ನಾನು ನಾಲ್ಕನೇ ತರಗತಿಯಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಆಮೇಲೆ ನನ್ನನ್ನು ಬೆಳೆಸಿದವಳು ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕ ಸುಮಂಗಲಾ. ಕಾಲೊನಿಯ ಹೆಂಗಸರಿಗೆ ಜಂಪರ್ ಹೊಲಿದುಕೊಡುತ್ತಿದ್ದಳು. ಅವಳ ಹೃದಯದಲ್ಲಿ ಚಿಕ್ಕಂದಿನಿಂದ ಏನೋ ದೋಷ. ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು ಹತ್ತುತ್ತಿತ್ತು. ನನ್ನನ್ನು ಗುಬ್ಬಿ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ಸಿಂಧನೂರಿನಲ್ಲಿ ನಾನು ನೋಡಿದ ಪ್ರೆಸ್ಸುಗಳೆಲ್ಲ ಸೀಸದ ಅಚ್ಚುಮೊಳೆಗಳನ್ನು ಎಂದೋ ಗುಜರಿಗೆ ಹಾಕಿ ಕಂಪ್ಯೂಟರಿಗೆ ಹೊರಳಿದ್ದವು. ಲಿಂಗಸುಗೂರಿನಲ್ಲೂ ಅದೇ ಕಥೆ. ಮಸ್ಕಿಯಲ್ಲಿ ಮಾತ್ರ ಖಾಸಿಂಸಾಬ್ ಎಂಬ ಹಿರಿಯರೊಬ್ಬರು ಮೊಳೆಗಳನ್ನೂ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರವನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ ಎಂದು ಗೊತ್ತಾಯಿತು. ಲಿಂಗಸುಗೂರಿನ ಗೆಳತಿಯೊಬ್ಬಳ ಮನೆಯಲ್ಲಿ ಉಳಿದುಕೊಂಡಿದ್ದ ನಾನು ಒಂದು ಶನಿವಾರ ಅಲ್ಲಿಂದ ಮಸ್ಕಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿದ್ದಾಗ ಅಕ್ಕನ ಫೋನು ಬಂತು.

"ಇವತ್ತರ ಮನಿಗೆ ಬರ್ತಿ ಏನು? ಯಾಕೋ ಭಾಳ ಸುಸ್ತ ಆಗೈತಿ."

"ನಾಳೆ ಬರ್ತೀನಕ್ಕಾ. ಸೋಮವಾರ ಕೆಲಸ ತೋರಿಸಬೇಕು."

"ಆತು ಬಿಡು, ಮುಗಿಸ್ಕೊಂಡ ಬಾ" ಅಂದಳು.

ಖಾಸಿಂಸಾಬರ ಕಣ್ಣಿಗೆ ಪೊರೆ ಬಂದಿತ್ತು. "ಕಣ್ಣ ಹ್ವಾದ್ರ ಏನಾತು ಬೇಟಿ, ಬೆರಳಿಗೆ ಎಲ್ಲಾ ಗೊತ್ತೈತಿ. ನೀ ಓದಿ ಹೇಳು, ನಾ ಜೋಡಸ್ತೀನಿ" ಅಂದರು. ಪುಸ್ತಕದ ಮೊದಲ ಪುಟಕ್ಕೆಂದು ‘ಮೂರು ಊರಿನ ಅಕ್ಷರಗಳು’ ಎಂಬ ಒಂದು ಸಾಲು ಬರೆದುಕೊಂಡು ಹೋಗಿದ್ದೆ. ಅವರ ಕೈಗಳು ಕಾಣುವಂತೆ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದೆ. ನಡುವೆ ಕರೆ ಬಂದರೆ ವಿಡಿಯೊ ಕೆಡುತ್ತದೆಂದು ಏರೋಪ್ಲೇನ್ ಮೋಡ್‌ಗೆ ಹಾಕಿದೆ. ಸಾಲನ್ನು ಓದಿ ಹೇಳಿ, ಕೋಣೆಯ ಇನ್ನೊಂದು ತುದಿಗೆ ಹೋಗಿ ಮೊಳೆಯ ಖಾನೆಗಳನ್ನು ಕ್ಯಾಮೆರಾದಲ್ಲಿ ತೆಗೆಯತೊಡಗಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಮಸಿ ಸವರಿ, ಯಂತ್ರ ತುಳಿದು ಒಂದು ಹಾಳೆ ತೆಗೆದುಕೊಟ್ಟರು. ಗೋಡೆಯ ಗಡಿಯಾರದಲ್ಲಿ ಮೂರೂವರೆ. ಹಾಳೆಯಲ್ಲಿ ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು.

‘ಗುಬ್ಬಿ, ಲಗೂನ ಬಾ.’

"ಚಾಚಾ, ಇದನ್ಯಾಕ ಹಾಕಿದ್ರಿ?" ಅಂದೆ.

"ನೀನ ಹೇಳಿದಿ ಅಲ್ಲ ಬೇಟಿ, ಎರಡೂ ಸಾಲ! ಕೇಳಿದ್ದ ಜೋಡಿಸೀನಿ. ನನ್ನ ಮನಸಿಲೆ ಒಂದ ಮೊಳಿ ಇಟ್ಟಿಲ್ಲ."

ಆಗ ನಾನು ಏನು ಮಾಡಿದೆ ಎಂಬುದನ್ನು ಮುಚ್ಚಿಡದೆ ಹೇಳಬೇಕು. ‘ಗುಬ್ಬಿ, ಬೇಗ ಬಾ’ ಎನ್ನುವವಳು ಅಕ್ಕ ಒಬ್ಬಳೇ ಎಂದು ಒಂದು ಕ್ಷಣ ಹೊಳೆಯಿತು, ನಿಜ. ಆದರೆ ಮರುಕ್ಷಣವೇ ಹಾಳೆಯನ್ನು ಬೆಳಕಿಗೆ ಹಿಡಿದು, ‘ಬ್ಬಿ’ಯ ಒತ್ತು ಎಷ್ಟು ಚೆನ್ನಾಗಿ ಕೂತಿದೆ, ‘ಗೂ’ವಿನ ಕೊಂಬು ಸವೆದು ಎಷ್ಟು ಅಂದವಾಗಿದೆ ಎಂದು ನೋಡಿದೆ. ನಾಲ್ಕು ವರ್ಷ ನನಗೆ ಕಲಿಸಿದ್ದೇ ಅದು, ಅಕ್ಷರವನ್ನು ಆಕಾರವಾಗಿ ನೋಡುವುದು. ನಾನೇ ಬಾಯಿತಪ್ಪಿ ಏನೋ ಗುನುಗಿರಬೇಕು ಅಂದುಕೊಂಡೆ. ಇನ್ನೂ ನಾಲ್ಕು ಖಾನೆ ಬಾಕಿಯಿದ್ದವು, ಕಿಟಕಿಯ ಬೆಳಕೂ ಚೆನ್ನಾಗಿತ್ತು. ಎಲ್ಲ ಮುಗಿಸಿ, ಅವರ ಮಗಳು ಕೊಟ್ಟ ಚಹಾ ಕುಡಿದು, ಐದರ ಬಸ್ಸು ಹತ್ತಿದ ಮೇಲೆ ಏರೋಪ್ಲೇನ್ ಮೋಡ್ ತೆಗೆದೆ. ಹದಿನೇಳು ಕರೆಗಳು ಬಂದಿದ್ದವೆಂಬ ಸಂದೇಶವಿತ್ತು, ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಇನ್ನೊಂದಿತ್ತು.

ಲಿಂಗಸುಗೂರಿನ ಆಸ್ಪತ್ರೆ ಮುಟ್ಟಿದಾಗ ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಪಾಳಿಯ ನಡುವೆಯೇ ಗಣಿಯಿಂದ ಮೇಲೆ ಕರೆಸಿದ್ದರಂತೆ. ಹೆಲ್ಮೆಟ್ಟಿನ ಗೆರೆ ಹಣೆಯ ಮೇಲೆ ಇನ್ನೂ ಇತ್ತು. ಪಕ್ಕದ ಮನೆಯ ರತ್ನಮ್ಮ ಚಿಗವ್ವ ನನ್ನ ರಟ್ಟೆ ಹಿಡಿದುಕೊಂಡಳು.

"ಎಲ್ಲಿ ಹೋಗಿದ್ದಿ ಬೇ? ಈಗ ಐದಕ್ಕ ಹ್ವಾದ್ಲು."

"ಏನಾರ ಅಂದ್ಲಾ?"

"ಮಧ್ಯಾಹ್ನದಿಂದ ಬಾಯಾಗ ಮಾತ ಇರಲಿಲ್ಲವಾ. ಮೂರು, ಮೂರೂವರಿ ಸುಮಾರಿಗೆ ತುಟಿ ಅಲ್ಲಾಡಸಾಕತ್ತಿದ್ಲು. ಕಿವಿ ಹಚ್ಚಿ ಕೇಳಿದೆ. ಏನಂತ ತಿಳೀಲಿಲ್ಲ."

ನನ್ನ ಚೀಲದಲ್ಲಿ ಆ ಹಾಳೆ ಇತ್ತು. ಅದನ್ನು ಆಕೆಗೂ ತೋರಿಸಲಿಲ್ಲ, ಅಪ್ಪನಿಗೂ ತೋರಿಸಲಿಲ್ಲ.

ಆ ವಿಡಿಯೊ ನೋಡಲು ನನಗೆ ಮೂರು ತಿಂಗಳು ಬೇಕಾಯಿತು. ಅದರಲ್ಲಿ ನನ್ನ ದನಿ ಒಂದು ಸಾಲನ್ನು ಒಂದೇ ಸಲ ಓದುತ್ತದೆ. ಖಾಸಿಂಸಾಬರು ಅದನ್ನು ಜೋಡಿಸಿ ಮುಗಿಸುತ್ತಾರೆ. ನಂತರ ಅವರ ಕೈ ನಿಲ್ಲುತ್ತದೆ. "ಹ್ಞಾಂ? ಇನ್ನೊಮ್ಮೆ ಹೇಳವಾ" ಅನ್ನುತ್ತಾರೆ. ಉತ್ತರವಾಗಿ ಯಾವ ದನಿಯೂ ಇಲ್ಲ. ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹೋಗುವ ಸದ್ದು ಮಾತ್ರ. "ಆತಾತು" ಅನ್ನುತ್ತಾರೆ, ಬೆರಳುಗಳು ‘ಗು’ ಇರುವ ಖಾನೆಗೆ ಹೋಗುತ್ತವೆ.

ವಿಡಿಯೊ ನೋಡಿದ ಮರುದಿನವೇ ಮಸ್ಕಿಗೆ ಹೋಗಿ ಖಾಸಿಂಸಾಬರನ್ನು ಕೇಳಿದೆ.

"ಹೆಣ್ಣಮಗಳ ದನಿ, ನಿನ್ನದ ಅನ್ಕೊಂಡೆ. ಓಡಿ ಬಂದೋರಂಗ ದಮ್ಮ ಹತ್ತಿತ್ತು. ಅದಕ್ಕ ಇನ್ನೊಮ್ಮೆ ಹೇಳು ಅಂದೆ" ಅಂದರು. ಆಮೇಲೆ "ಯಾರವಾ ಆಕಿ?" ಎಂದು ಕೇಳಿದರು. ನಾನು ಹೇಳಲಿಲ್ಲ. ಹೇಳಬೇಕಿತ್ತು.

ನಮ್ಮ ಅಕ್ಕನ ವಿಷಯ ತಿಳಿದ ಗೆಳತಿಯರಲ್ಲಿ ಒಬ್ಬಳಿಗೆ ಮಾತ್ರ ಇದನ್ನು ಹೇಳಿದ್ದೇನೆ. ಇಷ್ಟು ವರ್ಷ ಯಂತ್ರದ ಸದ್ದಿನಲ್ಲಿದ್ದ ಮುದುಕರು, ಕಿವಿಯಲ್ಲಿ ಏನೇನೋ ಕೇಳುತ್ತಿರುತ್ತದೆ ಅಂದಳು. ಇರಬಹುದು. ಆದರೆ ಅಷ್ಟೆಲ್ಲ ಮಾತುಗಳಲ್ಲಿ ಅದೇ ಮಾತು ಯಾಕೆ, ಆ ಹೆಸರು ಅವರಿಗೆ ಎಲ್ಲಿಂದ ಬಂತು ಎಂದಾಗ ಆ ವಿಡಿಯೊ ತೋರಿಸು ಅಂದಳು. ಪುಸ್ತಕವನ್ನು ತಡವಾಗಿ ಒಪ್ಪಿಸಿದೆ, ಆ ಹಾಳೆಯೊಂದನ್ನು ಬಿಟ್ಟು. ಮೇಷ್ಟ್ರು ಚೆನ್ನಾಗಿದೆ ಎಂದರು.

ಆ ಸಾಲು ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು. ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಒಂದು ತಾಸೂ ಬೇಕಾಗುವುದಿಲ್ಲ. ಆ ಸಾಲನ್ನು ನಾನು ಓದಿದಾಗ ಮೂರೂವರೆಯಾಗಿತ್ತು.