ತಲೆಯಿರುವ ಪ್ಯಾಟರ್ನ್

ನಮ್ಮ ಬೀದಿಯ ಟೈಲರಕ್ಕನಿಗೆ ಮೈಯೆಲ್ಲ ನೋವು, ಜೊತೆಗೆ ಅರೆತಲೆನೋವು. ತಲೆ ಸಿಡಿಯುವ ದಿನ ಕಿಟಕಿಗೆ ಕಪ್ಪು ಲೈನಿಂಗ್ ಬಟ್ಟೆ ಇಳಿಬಿಟ್ಟು, ಕತ್ತಲಲ್ಲೇ ಕೈಯಂದಾಜಿನಲ್ಲಿ ಗುಂಡಿ ಹೊಲಿಯುತ್ತಾಳೆ, ಒಂದೂ ಸೊಟ್ಟಗಿರುವುದಿಲ್ಲ. "ನಿನ್ನೆ ಬೆನ್ನು, ಇವತ್ತು ತಲೆ, ನಾಳೆ ಏನಮ್ಮ?" ಎಂದು ನೋವೆಲ್ಲ ನಾಟಕವೆಂಬಂತೆ ಅತ್ತೆ ಕೆಣಕಿದರೆ, "ನಾಳೆ ನಿಮ್ಮ ಬಾಯಿ ಹೊಲೀತೀನಿ ಅತ್ತೆ, ಅಳತೆ ಗೊತ್ತಿದೆ" ಎನ್ನುತ್ತಾಳೆ. ತಲೆಯ ಡಾಕ್ಟರಿಗೆ ಮೈ ಬೇಡ, ಮೈಯ ಡಾಕ್ಟರಿಗೆ ತಲೆ ಬೇಡ. ಇಬ್ಬರೂ "ಟೆನ್ಷನ್ ಮಾಡ್ಕೋಬೇಡಿ" ಎಂದು ಕಳಿಸುತ್ತಿದ್ದರು. ಕೊನೆಗೆ ಆಕೆ ತನ್ನದೇ ಅಳತೆಯ ಕಾಗದದ ಪ್ಯಾಟರ್ನ್ ಕತ್ತರಿಸಿದಳು. ಬಟ್ಟೆ ಕತ್ತರಿಸಲು ಇಡುವ ಪ್ಯಾಟರ್ನಿಗೆ ತಲೆ ಇರುವುದಿಲ್ಲ. ಇದಕ್ಕೆ ತಲೆಯನ್ನೂ ಸೇರಿಸಿ, ನೋವು ಬಂದಲ್ಲೆಲ್ಲ ತಾರೀಖು ಬರೆದಳು. ಭುಜ ಬಿಗಿದ ಮರುದಿನ ಹಣೆ ಸಿಡಿತ, ತಿಂಗಳುಗಟ್ಟಲೆ ಹಾಗೆಯೇ. ಅದನ್ನು ಮೈಯ ಡಾಕ್ಟರ ಮೇಜಿನ ಮೇಲೆ ಹಾಸಿ, "ಭುಜ ಬಿಗಿಯಾದ್ರೆ ಕಾಲರ್ ಎಳೆಯತ್ತೆ ಡಾಕ್ಟ್ರೇ. ಅಂಗಿ ಒಂದೇ ಅಲ್ವಾ?" ಎಂದಳಂತೆ. ಮೈನೋವಿಗೆ ಫೈಬ್ರೊಮಯಾಲ್ಜಿಯಾ, ತಲೆನೋವಿಗೆ ಮೈಗ್ರೇನ್, ಎರಡೂ ಹೆಸರನ್ನು ಒಂದೇ ಚೀಟಿಯಲ್ಲಿ ಬರೆಸಿಕೊಂಡೇ ಎದ್ದಳು. ಆ ಪ್ಯಾಟರ್ನ್ ಈಗ ಹೊಲಿಗೆಯಂತ್ರದ ಮೇಲಿನ ಗೋಡೆಯಲ್ಲಿದೆ. ಪಕ್ಕದಲ್ಲಿ ಇನ್ನೊಂದು ತೂಗುತ್ತದೆ, ಆಕೆಯ ಮಗಳ ಚಿಕ್ಕ ಅಳತೆಯದು. ಅದರ ಹಣೆಯ ಮೇಲೆ ಮಗಳದೇ ಕೈಬರಹದಲ್ಲಿ ಒಂದೇ ಒಂದು ತಾರೀಖು. "ಇವಳದ್ದು ನೋವು ಬಂದ ಮೊದಲನೇ ದಿನದಿಂದ್ಲೇ ಬರೀತಿದೀವಿ," ಎನ್ನುತ್ತಾಳೆ ಟೈಲರಕ್ಕ, ಸೂಜಿಗೆ ದಾರ ಪೋಣಿಸುತ್ತ, "ಇವಳನ್ನ ಯಾರೂ ಸುಳ್ಳಿ ಅನ್ನೋ ಹಾಗಿಲ್ಲ."