ಎಂಟು ಏಟುಗಳ ಖಾಲಿ ಜಾಗ

ತುಂಬಿಬಿಡಲೇ? ಒಂದು ಚಪ್ಪಾಳೆಯ ಸದ್ದು ಸಾಕೇನೋ. ಆದರೆ ತುಂಬಿದರೆ ಎಲ್ಲರ ಹಾಡಿನಂತೆ ಇದೂ ಒಂದು. ತುಂಬದಿದ್ದರೆ ಈ ಹಾಡನ್ನೇ ಕೈಬಿಡುತ್ತೇನೆಂದು ಡೀಜೆ ಮೊದಲೇ ಹೇಳಿದ್ದಾನೆ.

ಬೆಳಗಿನ ಐದೂವರೆ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಕುಳಿತ ನಲವತ್ತೊಂದರ ಈ ಮನುಷ್ಯ ಅದೇ ಜಾಗವನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಹಾಡು ಬಣ್ಣದ ಪಟ್ಟಿಗಳಾಗಿ ಹರಡಿದೆ. ನಡುವೆ ತಾಳದ ಎಂಟು ಏಟುಗಳಷ್ಟು ಖಾಲಿ. ನಾಲ್ಕು ಸೆಕೆಂಡು ಏನೂ ಕೇಳಿಸುವುದಿಲ್ಲ. ಒಂಬತ್ತು ಗಂಟೆಗೆ ಮೂರು ಹಾಡುಗಳು ರೆಕಾರ್ಡು ಅಚ್ಚು ಹಾಕುವ ಕಾರ್ಖಾನೆಗೆ ಹೋಗಬೇಕು. ಹನ್ನೆರಡು ವರ್ಷಗಳ ದುಡಿಮೆಯ ನಂತರ ಇದು ಇವರ ಮೊದಲ ರೆಕಾರ್ಡು.

ಕ್ಲಬ್ಬುಗಳಲ್ಲಿ ಕುಣಿಯುವವರಿಗೆ ಇವರ ಮುಖ ಗೊತ್ತಿಲ್ಲ. ಡೀಜೆಗಳು ಕರೆಯುವುದು 'ಇಸ್ತ್ರಿ' ಎಂದು. ಅಕ್ಕನ ಅಂಗಡಿಯಲ್ಲಿ ದಿನಕ್ಕೆ ನೂರು ಸಮವಸ್ತ್ರಗಳಿಗೆ ಇಸ್ತ್ರಿ ಹಾಕುವುದು ಇವರ ಹಗಲಿನ ಕೆಲಸ. ಇವರ ಹಾಡಿನಲ್ಲಿ ಎದೆಗೆ ಗುದ್ದುವ ಡ್ರಮ್ಮೆಂದರೆ ಮಡಿಸಿದ ಕಂಬಳಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಸದ್ದು. ಅದರ ಮೇಲೆ ಚಿಟಿಚಿಟಿ ಓಡುವುದು ಹೊಲಿಗೆ ಯಂತ್ರದ ಸೂಜಿ.

"ದಿನವಿಡೀ ಕೇಳಿದ್ದು ಸಾಲದು ಅಂತ ಇದನ್ನೇ ಹಿಡಿದಿಟ್ಕೊಂಡು ಕೂರ್ತಾನೆ," ಎನ್ನುತ್ತಾರೆ ಅಕ್ಕ. "ಟಿಕೆಟ್ ತಗೊಂಡು ಹೋಗಿ ಕೇಳ್ತಾರಂತೆ! ಇಲ್ಲಿಗೇ ಬರೋಕೆ ಹೇಳೋ, ಕೇಳ್ತಾ ಕೇಳ್ತಾ ನಾಲ್ಕು ಗುಂಡಿನಾದ್ರೂ ಹಚ್ಚಿಕೊಡ್ಲಿ."

ಮೊದಮೊದಲು ಇವರ ಒಂದೊಂದು ಹಾಡಿನಲ್ಲೂ ಅರವತ್ತು ಬಗೆಯ ಸದ್ದು. ಪಕ್ಕದ ಕೋಣೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದರು. ಆರು ವರ್ಷ ಎಲ್ಲ ಕೆಲಸವೂ ಹೆಡ್‌ಫೋನಿನಲ್ಲೇ ನಡೆಯಿತು. ಅದೇ ಒಮ್ಮೆ ಕೈಕೊಟ್ಟಿತು. ತಗ್ಗಿನ ದನಿ, ಅಂದರೆ ಬಾಸ್, ವಿಶಾಲವಾಗಿ ಕೇಳಲಿ ಎಂದು ಎಡಕಿವಿಗೆ ಕೊಟ್ಟದ್ದನ್ನೇ ಬಲಕಿವಿಗೆ ತಿರುವುಮುರುವಾಗಿ ಕೊಟ್ಟಿದ್ದರು. ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳಿತ್ತು. ಕ್ಲಬ್ಬಿನ ಸ್ಪೀಕರು ಎರಡನ್ನೂ ಕೂಡಿಸಿ ಒಂದು ಮಾಡಿತು. ಕೂಡಿದ್ದೇ ತಡ, ಅವು ಒಂದನ್ನೊಂದು ಅಳಿಸಿಹಾಕಿದವು.

"ನೆಲ ನಡುಗ್ಬೇಕಿತ್ತು. ಸೊಳ್ಳೆ ಗುಂಯ್ ಅಂತು, ಅಷ್ಟೆ. ಎಲ್ರೂ ನಿಂತ್ಬಿಟ್ರು. ಒಬ್ಬ ಕೈ ಮೇಲೆತ್ತಿದ್ದ. ಇಳಿಸೋದೋ ಬೇಡ್ವೋ ಅಂತ ಡೀಜೆ ಪಕ್ಕ ನಿಂತಿದ್ದ ನನ್ನನ್ನೇ ನೋಡ್ತಿದ್ದ," ಎನ್ನುತ್ತಾರೆ ಇಸ್ತ್ರಿ.

ಎಂಟು ತಿಂಗಳು ಲ್ಯಾಪ್‌ಟಾಪು ತೆರೆಯಲಿಲ್ಲ. ತೆರೆದ ಮೇಲೆ, ಇದ್ದದ್ದನ್ನು ತೆಗೆಯುತ್ತ ಬಂದರು. ಈಗ ಒಂದು ಹಾಡಿಗೆ ಒಂಬತ್ತೇ ಸದ್ದು. ಒಂದೊಂದೂ ಬಂದ ದಾರಿ, ಹೋದ ದಾರಿ ಕಿವಿಗೆ ಕಾಣುತ್ತದೆ. "ಸೇರಿಸೋದು ಒಂದು ವರ್ಷದಲ್ಲಿ ಬಂತು. ತೆಗೆಯೋದು ಇನ್ನೂ ಪೂರ್ತಿ ಬಂದಿಲ್ಲ."

ಏಳಕ್ಕೆ ಅಕ್ಕನ ಯಂತ್ರ ಶುರುವಾಗುತ್ತದೆ. ಕಾಲರು ಹೊಲಿಯುತ್ತಿದ್ದವರು ತಟ್ಟನೆ ಕಾಲೆತ್ತುತ್ತಾರೆ. ಯಂತ್ರ ನಿಲ್ಲುತ್ತದೆ. ದಾರ ಕಡಿದಿಲ್ಲ, ಬಟ್ಟೆ ಮುಗಿದಿಲ್ಲ. ಅಮ್ಮ ಇದ್ದಾಗಿನ ರೂಢಿ ಇದು: ಹೊಲಿಗೆ ನಿಲ್ಲಿಸಿ, ಪಕ್ಕದ ಕೋಣೆಯಿಂದ ಉಸಿರು ಕೇಳಿಸಿದ ಮೇಲೆ ಮತ್ತೆ ತುಳಿಯುವುದು. ಅಮ್ಮ ಹೋಗಿ ಮೂರು ವರ್ಷವಾಯಿತು. ಕಾಲು ಮಾತ್ರ ಈಗಲೂ ಏಳುತ್ತದೆ. ಇತ್ತ ತಮ್ಮನೂ ಇಸ್ತ್ರಿಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದು ಕಾಯುತ್ತಾರೆ.

"ಒಂದ್ಸಲ ಗಡಿಯಾರ ನೋಡಿದ್ದೆ," ಎನ್ನುತ್ತಾರೆ ಮೆಲ್ಲಗೆ. "ನಾಲ್ಕೇ ಸೆಕೆಂಡು."

ಎಂಟೂಮುಕ್ಕಾಲಿಗೆ ಡೀಜೆಯ ಫೋನು. ಈ ರೆಕಾರ್ಡನ್ನು ಹೊರತರುತ್ತಿರುವವನೂ ಅವನೇ.

"ತುಂಬಿದ್ರಾ ಅಣ್ಣಾ?"

"ಇಲ್ಲಪ್ಪ."

"ಕುಣಿಯೋರು ಕರೆಂಟ್ ಹೋಯ್ತು ಅನ್ಕೋತಾರೆ ಮಹಾರಾಯ್ರೇ!"

"ಅನ್ಕೊಳ್ಳಿ. ವಾಪಸ್ ಬರುತ್ತಲ್ಲ."

"ಒಂದೇ ಒಂದು ಕಾರಣ ಹೇಳಿ, ಒಪ್ಕೋತೀನಿ. ಇಲ್ಲಾಂದ್ರೆ ಉಳಿದೆರಡೇ ಹಾಕ್ತೀನಿ."

ಇಸ್ತ್ರಿ ಗೋಡೆ ನೋಡುತ್ತಾರೆ. ಆಚೆ ಅಕ್ಕನ ಯಂತ್ರ ಓಡುತ್ತಿದೆ.

"ಹಾಗಾದ್ರೆ ಎರಡೇ ಹಾಕು."

ಆ ಕಡೆ ನಿಟ್ಟುಸಿರು. "ಹಠಮಾರಿ ನೀವು. ಕಳ್ಸಿ, ಮೂರೂ ಕಳ್ಸಿ."

ಮೂರನ್ನೂ ಕಳಿಸಿ, ಲ್ಯಾಪ್‌ಟಾಪು ಮುಚ್ಚಿ, ಅಂಗಿಗಳ ರಾಶಿಯ ಮುಂದೆ ಬಂದು ನಿಲ್ಲುತ್ತಾರೆ. ಕಾರಣ ಅವರ ಬಳಿ ಇತ್ತು. ಅಮ್ಮನ ಉಸಿರಿಗಾಗಿ ಕಿವಿಗೊಡುವ ಹೊತ್ತು ಅದು ಎಂದು ಅವರು ಡೀಜೆಗೆ ಹೇಳಲಿಲ್ಲ.